ಸಂಜೆಯಾದರೆ ಸಾಕು, ಕೂಸು ಅಳುತ್ತದೆ: ಹೊಟ್ಟೆಯ ಗಾಳಿಯೇ ಕಾರಣವೇ? ಗ್ರೈಪ್ ವಾಟರ್, ಇಂಗು, ಗುಟ್ಟಿಯ ಸತ್ಯಾಸತ್ಯ

ಸಂಜೆ ಏಳು ಗಂಟೆ. ಬೈಲಹೊಂಗಲ ತಾಲ್ಲೂಕಿನ ಯಾವುದೋ ಒಂದು ಹಳ್ಳಿಯ ಮನೆ ಎಂದಿಟ್ಟುಕೊಳ್ಳಿ. ಹೆರಿಗೆಯಾಗಿ ಐದು ವಾರ. ಬಾಣಂತಿ ತವರಿನಲ್ಲಿದ್ದಾಳೆ. ಮಧ್ಯಾಹ್ನವಿಡೀ ನೆಮ್ಮದಿಯಾಗಿ ಮಲಗಿದ್ದ ಕೂಸು ದೀಪ ಹಚ್ಚುವ ಹೊತ್ತಿಗೆ ಅಳಲು ಶುರು ಮಾಡುತ್ತದೆ. ಎದೆಗೆ ಹಚ್ಚಿದರೆ ಎರಡು ಗುಟುಕು ಕುಡಿದು ಬಿಟ್ಟುಬಿಡುತ್ತದೆ. ಮುಷ್ಟಿ ಬಿಗಿಹಿಡಿದು, ಕಾಲು ಹೊಟ್ಟೆಯತ್ತ ಮಡಚಿ, ಮುಖ ಕೆಂಪಗೆ ಮಾಡಿಕೊಂಡು ಚೀರುತ್ತದೆ.

"ಹೊಟ್ಟಿ ಉಬ್ಬೇತಿ, ಇಂಗ ಹಚ್ಚ್ರಿ" ಎನ್ನುತ್ತಾಳೆ ಆಯಿ. "ನೆದರ ಆಗೇತಿ, ನೀವಾಳಸಿ ಒಗೀರಿ" ಎನ್ನುತ್ತಾಳೆ ಪಕ್ಕದ ಮನೆಯ ಕಾಕು. "ಮುಂಜಾನೆ ನೀ ಏನ್ ತಿಂದಿದ್ದಿ?" ಎಂಬ ಪ್ರಶ್ನೆ ಬಾಣಂತಿಗೆ. ಅಷ್ಟರಲ್ಲಿ ಕೂಸಿನ ಅಪ್ಪನ ಫೋನಿಗೆ ಸಂಬಂಧಿಕರ ಗ್ರೂಪಿನಿಂದ ಒಂದು ಸಂದೇಶ ಬರುತ್ತದೆ. ಇದನ್ನು ಇಷ್ಟು ಹನಿ ಕುಡಿಸಿ, ಐದು ನಿಮಿಷದಲ್ಲಿ ಕೂಸು ಮಲಗುತ್ತದೆ, ಎಲ್ಲ ತಾಯಂದಿರಿಗೂ ತಲುಪಿಸಿ ಎಂದು ಅದರಲ್ಲಿ ಬರೆದಿರುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಮಾತ್ರವಲ್ಲ, ಯಾವ ಊರಿಗೆ ಹೋದರೂ ಹಸುಗೂಸಿನ ಮನೆಯಲ್ಲಿ ಇದೇ ದೃಶ್ಯ. ಮನೆಯವರೆಲ್ಲ ಕೂಸಿನ ಒಳಿತಿಗೇ ಮಾತಾಡುತ್ತಿರುತ್ತಾರೆ. ಆದರೆ ಅವರು ಹೇಳುವ ಉಪಾಯಗಳಲ್ಲಿ ಕೆಲವು ನಿಜಕ್ಕೂ ನೆರವಾಗುತ್ತವೆ, ಕೆಲವು ಏನೂ ಮಾಡುವುದಿಲ್ಲ, ಇನ್ನು ಕೆಲವು ಕೂಸಿನ ಜೀವಕ್ಕೇ ಕುತ್ತು ತರಬಲ್ಲವು. ಯಾವುದು ಯಾವ ಗುಂಪಿನದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸಂಕ್ಷಿಪ್ತವಾಗಿ ಹೇಳುವುದಾದರೆ

ಮೊದಲ ಮೂರು ತಿಂಗಳಲ್ಲಿ ಆರೋಗ್ಯವಾಗಿರುವ ಕೂಸೂ ದಿನಕ್ಕೆ ಎರಡು ಗಂಟೆ ಅಳಬಹುದು. ಈ ಅಳು ಸುಮಾರು ಆರನೇ ವಾರದಲ್ಲಿ ತುದಿ ಮುಟ್ಟಿ, ಮೂರು ತಿಂಗಳ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ. ಗ್ರೈಪ್ ವಾಟರ್, ಗ್ಯಾಸ್ ಹನಿಗಳು ಇದನ್ನು ಗುಣಪಡಿಸುತ್ತವೆ ಎನ್ನಲು ಗಟ್ಟಿಯಾದ ಆಧಾರವಿಲ್ಲ. ಆರು ತಿಂಗಳೊಳಗಿನ ಕೂಸಿನ ಬಾಯಿಗೆ ಇಂಗು, ಬಜೆ, ಜೇನು, ಔಡಲೆಣ್ಣೆ ಹಾಕಬಾರದು. ಬರೆ ಹಾಕಲೇಬಾರದು. ಜ್ವರ, ಹಸಿರು ವಾಂತಿ, ಹಾಲು ಬಿಡುವುದು, ಮಂಕಾಗುವುದು ಕಂಡರೆ ಅದು ಹೊಟ್ಟೆಯ ಗಾಳಿಯಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕೋಲಿಕ್ ಎಂದರೇನು?

ಹಾಲು ಕುಡಿದಿದೆ, ಬಟ್ಟೆ ಒದ್ದೆಯಾಗಿಲ್ಲ, ಜ್ವರವಿಲ್ಲ, ತೂಕವೂ ಏರುತ್ತಿದೆ. ಆದರೂ ಕೂಸು ಗಂಟೆಗಟ್ಟಲೆ ಅಳುತ್ತದೆ, ಏನು ಮಾಡಿದರೂ ಸುಮ್ಮನಾಗುವುದಿಲ್ಲ. ಇದನ್ನು ವೈದ್ಯರು ಕೋಲಿಕ್ ಎನ್ನುತ್ತಾರೆ. 1954ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ ಮತ್ತು ಸಂಗಡಿಗರು ಇದಕ್ಕೊಂದು ಅಳತೆ ಕೊಟ್ಟರು. ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು ಕಾಲ ಅಳುವ, ಬೇರೆಲ್ಲ ರೀತಿಯಲ್ಲೂ ಆರೋಗ್ಯವಾಗಿರುವ ಕೂಸು ಕೋಲಿಕ್ ಕೂಸು. ಇದಕ್ಕೆ "ಮೂರರ ನಿಯಮ" ಎಂಬ ಹೆಸರು ಬಂತು. 2016ರ ರೋಮ್ 4 ಎಂಬ ಹೊಸ ಮಾನದಂಡದಲ್ಲಿ ವೈದ್ಯರು ಗಡಿಯಾರದ ಈ ಲೆಕ್ಕವನ್ನು ಕೈಬಿಟ್ಟರು. ಅಳು ಮೇಲಿಂದ ಮೇಲೆ ಬರುತ್ತಿದೆಯೇ, ಮನೆಯವರಿಂದ ಸಮಾಧಾನ ಮಾಡಲು ಆಗುತ್ತಿಲ್ಲವೇ, ಕಾಯಿಲೆಯ ಲಕ್ಷಣವಾಗಲಿ ಬೆಳವಣಿಗೆಯ ಕುಂಠಿತವಾಗಲಿ ಇಲ್ಲವೇ ಎಂಬುದನ್ನೇ ಈಗ ಮುಖ್ಯವಾಗಿ ನೋಡುತ್ತಾರೆ.

ಇಲ್ಲಿ ಒಂದು ಮಾತು ನೆನಪಿಡಬೇಕು. ಅಳು ಎಲ್ಲ ಕೂಸುಗಳಲ್ಲೂ ಒಂದೇ ಬಗೆಯ ದಾರಿ ಹಿಡಿಯುತ್ತದೆ. 1962ರಲ್ಲಿ ಅಮೆರಿಕದ ವೈದ್ಯ ಬೆರ್‍ರಿ ಬ್ರೆಜಲ್ಟನ್ 80 ಕೂಸುಗಳ ತಾಯಂದಿರಿಂದ ಅಳುವಿನ ದಿನಚರಿ ಬರೆಸಿದರು. ಆರನೇ ವಾರದ ಹೊತ್ತಿಗೆ ಕೂಸುಗಳು ದಿನಕ್ಕೆ ಸರಿಸುಮಾರು ಎರಡೂ ಮುಕ್ಕಾಲು ಗಂಟೆ ಅಳುತ್ತಿದ್ದವು. ಅದೂ ಹೆಚ್ಚಾಗಿ ಸಂಜೆ ಹೊತ್ತು. ಹನ್ನೆರಡನೇ ವಾರಕ್ಕೆ ಅಳು ಇಳಿದಿತ್ತು. 2017ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗಲೂ ಇದೇ ಚಿತ್ರ ಕಂಡಿತು. ಮೊದಲ ಆರು ವಾರ ದಿನಕ್ಕೆ ಸುಮಾರು ಎರಡು ಗಂಟೆ ಅಳು. ಆ ಹಂತದಲ್ಲಿ ಪ್ರತಿ ನಾಲ್ಕೈದು ಕೂಸುಗಳಲ್ಲಿ ಒಂದಕ್ಕೆ ಕೋಲಿಕ್. ಹತ್ತು-ಹನ್ನೆರಡು ವಾರದ ಹೊತ್ತಿಗೆ ಅದು ನೂರರಲ್ಲಿ ಒಂದಕ್ಕಿಂತಲೂ ಕಡಿಮೆ.

ಅಂದರೆ ಇದು ನಿಮ್ಮ ಮನೆಯ ದೋಷವಲ್ಲ, ತಾಯಿಯ ತಪ್ಪೂ ಅಲ್ಲ. ಸಂಜೆಯೇ ಅಳು ಹೆಚ್ಚಾಗುವುದಕ್ಕೆ ದೃಷ್ಟಿ ತಾಗಿದ್ದು ಕಾರಣವೂ ಅಲ್ಲ.

ಗಾಳಿ ತುಂಬಿ ಅಳುವುದೋ, ಅತ್ತು ಗಾಳಿ ತುಂಬುವುದೋ?

ಕೂಸು ಕಾಲು ಮಡಚುವುದು, ಹೊಟ್ಟೆ ಗಟ್ಟಿಯಾಗುವುದು, ಹೂಸು ಬಿಡುವುದು ನೋಡಿದವರಿಗೆ ಹೊಟ್ಟೆಯಲ್ಲಿ ಗಾಳಿ ಸಿಕ್ಕಿಕೊಂಡಿದೆ ಅನ್ನಿಸುವುದು ಸಹಜ. ಆದರೆ ಹಸುಗೂಸು ಯಾವ ಕಾರಣಕ್ಕೆ ಜೋರಾಗಿ ಅತ್ತರೂ ಹೊಟ್ಟೆಯ ಸ್ನಾಯು ಬಿಗಿಯಾಗುತ್ತವೆ, ಕಾಲು ಮೇಲೇರುತ್ತವೆ. ಲಸಿಕೆಯ ಸೂಜಿ ಚುಚ್ಚಿದಾಗಲೂ ಕೂಸು ಹೀಗೆಯೇ ಮಾಡುತ್ತದೆ. ಬಾಯಿ ತೆರೆದು ಅಳುವಾಗ ಕೂಸು ಗಾಳಿ ನುಂಗುತ್ತದೆ. ಆ ಗಾಳಿ ಆಮೇಲೆ ತೇಗಾಗಿಯೋ ಹೂಸಾಗಿಯೋ ಹೊರಬರಲೇಬೇಕು. ಹಾಗಾಗಿ ಎಷ್ಟೋ ಸಲ ಗಾಳಿ ಅಳುವಿನ ಕಾರಣವಲ್ಲ, ಅಳುವಿನ ಪರಿಣಾಮ.

ಹಾಗಾದರೆ ನಿಜವಾದ ಕಾರಣವೇನು? ಒಂದೇ ಉತ್ತರ ಇನ್ನೂ ಸಿಕ್ಕಿಲ್ಲ. ಕರುಳಿನಲ್ಲಿ ಆಗಷ್ಟೇ ನೆಲೆಯೂರುತ್ತಿರುವ ಸೂಕ್ಷ್ಮಜೀವಿಗಳು, ಬಲಿಯುತ್ತಿರುವ ನರಮಂಡಲ, ದಿನವಿಡೀ ಬೆಳಕು-ಸದ್ದು-ಮುಟ್ಟುವಿಕೆಯಿಂದ ದಣಿದ ಮೆದುಳು, ಇವೆಲ್ಲದರ ಮೇಲೂ ಸಂಶೋಧನೆ ನಡೆಯುತ್ತಿದೆ. ಕೆಲವೇ ಕೆಲವು ಕೂಸುಗಳಲ್ಲಿ ಹಸುವಿನ ಹಾಲಿನ ಪ್ರೋಟೀನ್ ಒಗ್ಗದಿರುವುದು ಕಾರಣವಾಗಿರುತ್ತದೆ. ಅಂಥ ಕೂಸುಗಳಲ್ಲಿ ಮಲದಲ್ಲಿ ರಕ್ತ, ಮೈಮೇಲೆ ದದ್ದು, ಪದೇ ಪದೇ ವಾಂತಿ ಮುಂತಾದ ಬೇರೆ ಸುಳಿವುಗಳೂ ಇರಬಹುದು.

ಇನ್ನೊಂದು ಸಂಗತಿಯೂ ಕೋಲಿಕ್ ಜೊತೆ ಬೆರೆತುಹೋಗುತ್ತದೆ. ಕೆಲವು ಕೂಸುಗಳು ಹತ್ತಿಪ್ಪತ್ತು ನಿಮಿಷ ತಿಣುಕಿ, ಮುಖ ಕೆಂಪಾಗಿಸಿ, ಅತ್ತು, ಕೊನೆಗೆ ಮೆತ್ತಗಿನ ಮಲವನ್ನೇ ಮಾಡುತ್ತವೆ. ಇದು ಮಲಬದ್ಧತೆಯಲ್ಲ. ಹೊಟ್ಟೆಯನ್ನು ಒತ್ತುವುದು ಮತ್ತು ಕೆಳಗಿನ ಸ್ನಾಯುವನ್ನು ಸಡಿಲಿಸುವುದು ಎರಡನ್ನೂ ಒಟ್ಟಿಗೆ ಮಾಡಲು ಕೂಸು ಇನ್ನೂ ಕಲಿಯುತ್ತಿರುತ್ತದೆ. ವೀಳ್ಯದೆಲೆಯ ತೊಟ್ಟು, ಸಾಬೂನಿನ ಚೂರು ಗುದದಲ್ಲಿ ಇಡುವ ಅಗತ್ಯವಿಲ್ಲ. ಅದರಿಂದ ಗಾಯವಾಗುತ್ತದೆ.

"ನಮ್ಮ ಮಕ್ಕಳಿಗೆ ಗುಣಾ ಆಗೇತಲ್ಲ" ಎಂಬ ಮಾತು ಏಕೆ ಸಾಲದು?

ಮನೆಮದ್ದಿನ ಬಗ್ಗೆ ಪ್ರಶ್ನೆ ಮಾಡಿದರೆ ಬರುವ ಮೊದಲ ಉತ್ತರ ಇದು. ಹಿರಿಯರು ಸುಳ್ಳು ಹೇಳುತ್ತಿಲ್ಲ. ಕೊಟ್ಟಿದ್ದೂ ನಿಜ, ಕೂಸು ಸುಮ್ಮನಾದದ್ದೂ ನಿಜ. ಆದರೆ ಕೋಲಿಕ್ ತಾನಾಗಿಯೇ ಇಳಿಯುವಂಥದ್ದು. ಆರನೇ ವಾರದಲ್ಲಿ, ಅಂದರೆ ಅಳು ಅತಿ ಹೆಚ್ಚಿರುವಾಗ ಯಾವ ಮದ್ದನ್ನೇ ಶುರು ಮಾಡಿ, ಏಳೆಂಟನೇ ವಾರಕ್ಕೆ ಅಳು ಕಡಿಮೆಯಾಗಿಯೇ ಆಗುತ್ತದೆ. ಹೆಸರು ಮಾತ್ರ ಮದ್ದಿಗೆ ಬರುತ್ತದೆ.

ಹಾಗಾದರೆ ಮದ್ದು ಕೆಲಸ ಮಾಡುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಒಳ್ಳೆಯ ಉದಾಹರಣೆ ಇದೆ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಂದಿಗೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಗರ್ಭಿಣಿಯರ ಮೇಲೆ ಒಂದು ಪ್ರಯೋಗ ನಡೆಸಿದರು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ನೆರವಾಗುತ್ತದೆಯೇ ಎಂಬುದು ಪ್ರಶ್ನೆ. ಅರ್ಧ ಜನಕ್ಕೆ ನಿಜವಾದ ಗುಳಿಗೆ, ಇನ್ನರ್ಧಕ್ಕೆ ನೋಡಲು ಅದರಂತೆಯೇ ಇರುವ ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂಬುದು ಕೊಟ್ಟ ಸಹಾಯಕಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. ಮದ್ದಿಲ್ಲದ ಗುಳಿಗೆ ತೆಗೆದುಕೊಂಡವರಲ್ಲಿ ಶೇ 12ರಷ್ಟು ಮಂದಿಗೆ ಅತಿಯಾದ ರಕ್ತಸ್ರಾವವಾಯಿತು. ನಿಜವಾದ ಗುಳಿಗೆ ಪಡೆದವರಲ್ಲಿ ಅದು ಶೇ 6.4. ಈ ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿ ಜಗತ್ತಿನ ಗಮನ ಸೆಳೆಯಿತು.

ನಮ್ಮ ಜಿಲ್ಲೆಯ ಹಳ್ಳಿಯ ಹೆಣ್ಣುಮಕ್ಕಳೇ ಜಗತ್ತಿಗೆ ಕೊಟ್ಟ ಸಾಕ್ಷ್ಯ ಅದು. ಕೂಸಿಗೆ ಕೊಡುವ ಮದ್ದಿಗೂ ನಾವು ಇದೇ ಪ್ರಶ್ನೆ ಕೇಳಬೇಕು. ಕೊಟ್ಟ ಕೂಸುಗಳನ್ನೂ ಕೊಡದ ಕೂಸುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದ್ದಾರೆಯೇ?

ಗ್ರೈಪ್ ವಾಟರ್: ಎಲ್ಲಿಂದ ಬಂತು, ಏನು ಮಾಡುತ್ತದೆ?

ಗ್ರೈಪ್ ವಾಟರ್ ನಮ್ಮ ಅಜ್ಜಿಯರ ಮದ್ದು ಎಂದು ಎಷ್ಟೋ ಜನ ನಂಬಿದ್ದಾರೆ. ಅದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ನಾಟಿಂಗ್‌ಹ್ಯಾಮ್‌ನ ಔಷಧ ವ್ಯಾಪಾರಿ ವಿಲಿಯಂ ವುಡ್‌ವರ್ಡ್ 1851ರಲ್ಲಿ ಇದನ್ನು ತಯಾರಿಸಿದ. ಜೌಗು ಪ್ರದೇಶದ ಜ್ವರಕ್ಕೆ ಆಗ ಮಕ್ಕಳಿಗೆ ಕೊಡುತ್ತಿದ್ದ ಔಷಧಿಯೇ ಅದಕ್ಕೆ ಮೂಲ. ಆ ಕಾಲದ ಸೀಸೆಯಲ್ಲಿ ಸಬ್ಬಸಿಗೆ ಎಣ್ಣೆ, ಅಡಿಗೆ ಸೋಡಾ, ಸಕ್ಕರೆ, ನೀರು ಮತ್ತು ಶೇ 3.6ರಷ್ಟು ಆಲ್ಕೋಹಾಲ್ ಇತ್ತು. ಕೂಸು ಸುಮ್ಮನಾಗುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಬ್ರಿಟನ್ನಿನಲ್ಲಿ ಆಲ್ಕೋಹಾಲ್ ತೆಗೆದದ್ದು 1990ರ ದಶಕದ ಆರಂಭದಲ್ಲಿ.

ಸುಮ್ಮನಾಗುವುದೇ ಗುಣವಾಗುವುದಲ್ಲ ಎಂಬುದಕ್ಕೆ ಇನ್ನೂ ಕಹಿಯಾದ ಉದಾಹರಣೆ ನಮ್ಮ ಹತ್ತಿರದಲ್ಲೇ ಇದೆ. ಬೆಳಗಾವಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಮುಂಬೈಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಕೆಲಸಕ್ಕೆ ಹೋಗುವ ಮುನ್ನ ಕೂಸಿಗೆ ಅಫೀಮಿನ ಗುಳಿಗೆ ತಿನ್ನಿಸುತ್ತಿದ್ದುದನ್ನು 1920ರ ದಶಕದ ವರದಿಗಳು ದಾಖಲಿಸಿವೆ. ಆ ಕೂಸುಗಳೂ ಅಳದೆ ಮಲಗುತ್ತಿದ್ದವು.

ಇಂದು ಭಾರತದಲ್ಲಿ ಸಿಗುವ ಗ್ರೈಪ್ ವಾಟರ್‌ನಲ್ಲಿ ಸಾಮಾನ್ಯವಾಗಿ ಸಬ್ಬಸಿಗೆ ಎಣ್ಣೆ, ಸೋಡಾ, ಸಿಹಿ ಇರುತ್ತವೆ. ಪುದುಚೇರಿಯ ವೈದ್ಯರು 1ರಿಂದ 6 ತಿಂಗಳ ಕೂಸುಗಳಿರುವ 335 ತಾಯಂದಿರನ್ನು ವಿಚಾರಿಸಿ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರಲ್ಲಿ ಸುಮಾರು ಶೇ 64 ಮಂದಿ ಗ್ರೈಪ್ ವಾಟರ್ ಕೊಡುತ್ತಿದ್ದರು. ಕೊಟ್ಟ ಕೂಸುಗಳಲ್ಲಿ ಕೋಲಿಕ್ ಕಡಿಮೆಯೇನೂ ಇರಲಿಲ್ಲ. ವಾಂತಿ ಮತ್ತು ಮಲಬದ್ಧತೆ ಮಾತ್ರ ಹೆಚ್ಚಿತ್ತು.

ಇನ್ನೊಂದು ತೊಂದರೆಯೂ ಇದೆ. ಆರು ತಿಂಗಳವರೆಗೆ ತಾಯಿಹಾಲು ಬಿಟ್ಟು ಬೇರೇನೂ, ನೀರೂ ಬೇಡ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019-21) ಪ್ರಕಾರ ದೇಶದಲ್ಲಿ ಹೀಗೆ ತಾಯಿಹಾಲನ್ನಷ್ಟೇ ಕುಡಿಯುವ ಆರು ತಿಂಗಳೊಳಗಿನ ಕೂಸುಗಳು ಶೇ 63.7 ಮಾತ್ರ. ಸಿಹಿನೀರು, ಗ್ರೈಪ್ ವಾಟರ್, ಗುಟ್ಟಿ ಎಂದು ಶುರುವಾದದ್ದು ಕೂಸಿನ ಪುಟ್ಟ ಹೊಟ್ಟೆ ತುಂಬಿಸುತ್ತದೆ. ಹಾಲು ಕುಡಿಯುವುದು ಕಡಿಮೆಯಾಗುತ್ತದೆ. ಕುಡಿಯುವುದು ಕಡಿಮೆಯಾದರೆ ಹಾಲಿನ ಉತ್ಪತ್ತಿಯೂ ಇಳಿಯುತ್ತದೆ.

ಮೆಡಿಕಲ್ ಅಂಗಡಿಯ ಹನಿಗಳು: ಸೀಸೆಯ ಹಿಂಬದಿ ಓದಿ

"ಗ್ಯಾಸ್ ಡ್ರಾಪ್ಸ್" ಎಂದು ಸಿಗುವ ಸಿಮೆಥಿಕೋನ್ ಹೊಟ್ಟೆಯ ಗುಳ್ಳೆಗಳನ್ನು ಒಡೆಯುತ್ತದೆ. ರಕ್ತಕ್ಕೆ ಸೇರುವುದಿಲ್ಲವಾದ್ದರಿಂದ ಅಪಾಯ ಕಡಿಮೆ. ಆದರೆ 1994ರಲ್ಲಿ 83 ಕೂಸುಗಳ ಮೇಲೆ ನಡೆದ ಪ್ರಯೋಗದಲ್ಲಿ ಸಿಮೆಥಿಕೋನ್ ಹಾಗೂ ಮದ್ದಿಲ್ಲದ ಹನಿಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ.

ನಿಜವಾಗಿ ಹೆದರಬೇಕಾದದ್ದು ಡೈಸೈಕ್ಲೋಮಿನ್ ಎಂಬ ಹೆಸರಿಗೆ. ಹೊಟ್ಟೆನೋವಿನ ಕೆಲವು ಹನಿಗಳಲ್ಲಿ ಸಿಮೆಥಿಕೋನ್ ಜೊತೆ ಇದೂ ಸೇರಿರುತ್ತದೆ. ಇದು ಕರುಳಿನ ಸೆಳೆತ ಇಳಿಸುವ ಔಷಧಿ ನಿಜ, ಆದರೆ ಹಸುಗೂಸುಗಳಲ್ಲಿ ಉಸಿರಾಟ ನಿಂತುಹೋದ ಪ್ರಕರಣಗಳು ವರದಿಯಾದ ಮೇಲೆ ಆರು ತಿಂಗಳೊಳಗಿನ ಮಕ್ಕಳಿಗೆ ಇದನ್ನು ಕೊಡಲೇಬಾರದು ಎಂದು ನಿಷೇಧಿಸಲಾಗಿದೆ. ದೊಡ್ಡ ಮಗುವಿಗೆ ತಂದಿಟ್ಟ ಸೀಸೆಯನ್ನು ಹಸುಗೂಸಿಗೆ ಎರಡು ಹನಿ ಹಾಕುವುದು ಇದೇ ಕಾರಣಕ್ಕೆ ಅಪಾಯ. ಕೂಸು ಮಲಗಲಿ ಎಂದು ನೆಗಡಿಯ ಸಿರಪ್ ಕೊಡುವುದೂ ಅಷ್ಟೇ ತಪ್ಪು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದು ಎಂದು ಸೀಸೆಯ ಮೇಲೆ ಬರೆಯಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ.

ಪ್ರೊಬಯಾಟಿಕ್ ಹನಿಗಳ ಕಥೆ ಸ್ವಲ್ಪ ಬೇರೆ. ಲ್ಯಾಕ್ಟೊಬ್ಯಾಸಿಲಸ್ ರೂಟೆರಿ ಎಂಬ ಒಳ್ಳೆಯ ಸೂಕ್ಷ್ಮಜೀವಿಯ ಒಂದು ತಳಿ ತಾಯಿಹಾಲು ಕುಡಿಯುವ ಕೂಸುಗಳಲ್ಲಿ ಅಳುವನ್ನು ಸ್ವಲ್ಪ ಕಡಿಮೆ ಮಾಡುತ್ತದೆ ಎಂದು 345 ಕೂಸುಗಳ ಮಾಹಿತಿಯನ್ನು ಒಟ್ಟು ಮಾಡಿದ 2018ರ ವಿಶ್ಲೇಷಣೆ ಹೇಳಿತು. ಡಬ್ಬಿ ಹಾಲು ಕುಡಿಯುವ ಕೂಸುಗಳಲ್ಲಿ ಆ ಪ್ರಯೋಜನ ಖಚಿತವಾಗಲಿಲ್ಲ. ಬೇಕೆನಿಸಿದರೆ ವೈದ್ಯರನ್ನು ಕೇಳಿಯೇ ಕೊಡಿ.

ಅಡುಗೆಮನೆಯ ಮದ್ದುಗಳು

ಇಂಗು: ಇಂಗನ್ನು ನೀರಿನಲ್ಲಿ ಕಲಸಿ ಹೊಟ್ಟೆಗೆ ಹಚ್ಚುವುದು ನಮ್ಮ ಕಡೆ ಸಾಮಾನ್ಯ. ಚರ್ಮದ ಮೂಲಕ ಅದು ಗಾಳಿ ಹೊರಗೆಳೆಯುತ್ತದೆ ಎನ್ನಲು ಆಧಾರವಿಲ್ಲ. ಹಚ್ಚುವಾಗ ಹೊಟ್ಟೆಯ ಮೇಲೆ ಆಡುವ ಬೆಚ್ಚಗಿನ ಕೈಯೇ ಕೂಸಿಗೆ ಹಿತ ಕೊಡುತ್ತಿರಬಹುದು. ಹೊಕ್ಕುಳ ಪೂರ್ತಿ ಒಣಗುವ ಮುನ್ನ ಅಲ್ಲಿ ಇಂಗನ್ನಾಗಲಿ, ಬೂದಿ, ಎಣ್ಣೆ, ಅರಿಶಿನವನ್ನಾಗಲಿ ಹಚ್ಚಬೇಡಿ. ಸೋಂಕು ನೇರ ರಕ್ತಕ್ಕೆ ಇಳಿಯುವ ದಾರಿ ಅದು. ಬಾಯಿಗಂತೂ ಇಂಗು ಬೇಡವೇ ಬೇಡ. ಅಮೆರಿಕದಲ್ಲಿ ಕೋಲಿಕ್‌ಗೆಂದು ಇಂಗಿನ ಮದ್ದು ಕುಡಿಸಿದ ಐದು ವಾರದ ಕೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡ ಪ್ರಕರಣ 1984ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ.

ಗುಟ್ಟಿ ಮತ್ತು ಬಜೆ: ಬಜೆ, ಜಾಯಿಕಾಯಿ, ಅಳಲೆಕಾಯಿ ಮುಂತಾದವನ್ನು ಕಲ್ಲಿನ ಮೇಲೆ ತೇಯ್ದು ನೆಕ್ಕಿಸುವ ರೂಢಿ ಇದೆ. ಬಜೆಯಲ್ಲಿರುವ ಬೀಟಾ-ಅಸರೋನ್ ಎಂಬ ಅಂಶದಿಂದಾಗಿ ಅಮೆರಿಕ 1968ರಲ್ಲಿ ಬಜೆಯನ್ನು ಆಹಾರದಲ್ಲಿ ಬಳಸುವುದನ್ನೇ ನಿಷೇಧಿಸಿತು. ಜಾಯಿಕಾಯಿ ಹೆಚ್ಚಾದರೆ ಮಂಪರು ತರುತ್ತದೆ. ಒಂದು ಸುತ್ತು ತೇಯ್ದರೆ ಎಷ್ಟು ಬಂತು, ಎರಡು ಸುತ್ತಿಗೆ ಎಷ್ಟು ಎಂದು ಅಳೆಯುವವರಾರು? ಮೂರ್ನಾಲ್ಕು ಕೆ.ಜಿ. ತೂಕದ ಜೀವಕ್ಕೆ ಆ ವ್ಯತ್ಯಾಸ ದೊಡ್ಡದು. ತೇಯುವ ಕಲ್ಲು, ನೀರು, ಬೆರಳು ಶುಚಿಯಾಗಿರದಿದ್ದರೆ ಭೇದಿಯೂ ಬರುತ್ತದೆ.

ಜೇನು: ಒಂದು ವರ್ಷದೊಳಗೆ ಬೇಡ. ಜೇನಿನಲ್ಲಿ ಅಡಗಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಕೂಸಿನ ಕರುಳಿನಲ್ಲಿ ಬೆಳೆದು ಬಾಟ್ಯುಲಿಸಮ್ ಎಂಬ ವಿಷಬಾಧೆ ಉಂಟುಮಾಡಬಲ್ಲವು. ಅದು ಸ್ನಾಯುಗಳನ್ನು ಸೋಲಿಸುತ್ತದೆ.

ಔಡಲೆಣ್ಣೆ: ಹೊಟ್ಟೆ ಸ್ವಚ್ಛವಾಗಲಿ ಎಂದು ಕುಡಿಸುವ ಎಣ್ಣೆ ನೆತ್ತಿಗೇರಿ ಶ್ವಾಸಕೋಶಕ್ಕೆ ಇಳಿದರೆ ಗುಣಪಡಿಸಲು ಕಷ್ಟವಾದ ನ್ಯುಮೋನಿಯಾ ಬರುತ್ತದೆ. ಎರೆಯುವಾಗ ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದಕ್ಕೂ ಇದೇ ಎಚ್ಚರಿಕೆ. ಮೈಗೆ ಮೆಲ್ಲಗೆ ಎಣ್ಣೆ ತಿಕ್ಕುವುದರಲ್ಲಿ ತೊಂದರೆಯಿಲ್ಲ. ಎರೆದ ಮೇಲೆ ಹಿಡಿಯುವ ಲೋಬಾನದ ಹೊಗೆ ಮಾತ್ರ ಕೂಸಿನ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ತಾಯಿಯ ಪಥ್ಯ: "ನೀ ಕಡ್ಲಿ ತಿಂದಿ, ಕೂಸಿಗಿ ಗ್ಯಾಸ್ ಆತು" ಎಂಬ ಮಾತು ಕೇಳದ ಬಾಣಂತಿ ಇಲ್ಲ. ಕಡಲೆ, ಬೇಳೆ, ಕೋಸು ತಿಂದಾಗ ಗಾಳಿ ಹುಟ್ಟುವುದು ತಾಯಿಯ ದೊಡ್ಡ ಕರುಳಿನಲ್ಲಿ. ಅದು ರಕ್ತದ ಮೂಲಕ ಹಾಲಿಗೆ ಹೋಗಿ ಕೂಸಿನ ಹೊಟ್ಟೆ ಉಬ್ಬಿಸುವುದಿಲ್ಲ. ಅಂಟಿನ ಉಂಡಿ, ಅಳವಿ ಪಾಯಸ ಚೆನ್ನಾಗಿ ಕೊಡಿ. ಜೊತೆಗೆ ಬೇಳೆ, ಸೊಪ್ಪು, ಹಣ್ಣು, ಬೇಕಾದಷ್ಟು ನೀರನ್ನೂ ಕೊಡಿ. ಹಾಲುಣಿಸುವ ತಾಯಿಯನ್ನು ಬರೀ ಅನ್ನ-ತುಪ್ಪದಲ್ಲಿ ಇಟ್ಟರೆ ಬಡವಾಗುವುದು ಅವಳ ರಕ್ತ.

ಬರೆ: ಹೊಟ್ಟೆ ಉಬ್ಬಿದ, ನೀಲಿ ನರ ಕಾಣುವ ಕೂಸಿಗೆ ಕಾಯಿಸಿದ ಬಳೆಯಿಂದಲೋ ಊದುಬತ್ತಿಯಿಂದಲೋ ಸುಡುವ ಪದ್ಧತಿ ನಮ್ಮ ಉತ್ತರ ಕರ್ನಾಟಕದಲ್ಲೂ ಪೂರ್ತಿ ಅಳಿದಿಲ್ಲ. ಇದಕ್ಕೆ ಯಾವ ಸಮರ್ಥನೆಯೂ ಇಲ್ಲ. 2023ರ ಆರಂಭದಲ್ಲಿ ಮಧ್ಯಪ್ರದೇಶದ ಶಹಡೋಲ್ ಜಿಲ್ಲೆಯಲ್ಲಿ ನ್ಯುಮೋನಿಯಾದಿಂದ ಬಳಲುತ್ತಿದ್ದ ಸುಮಾರು ಮೂರು ತಿಂಗಳ ಹೆಣ್ಣು ಕೂಸಿಗೆ ಕಾದ ಕಬ್ಬಿಣದಿಂದ 51 ಬರೆ ಹಾಕಲಾಯಿತು. ಕೂಸು ಉಳಿಯಲಿಲ್ಲ. ಬರೆ ಎರಡು ರೀತಿಯಲ್ಲಿ ಕೊಲ್ಲುತ್ತದೆ. ಗಾಯದ ಸೋಂಕು ಒಂದು. ನಿಜವಾದ ಕಾಯಿಲೆಗೆ ಸಿಗಬೇಕಿದ್ದ ಹೊತ್ತು ಕಳೆದುಹೋಗುವುದು ಇನ್ನೊಂದು.

ಹಾಗಾದರೆ ಅಳುವ ಕೂಸಿಗೆ ಏನು ಮಾಡಬೇಕು?

ಮೊದಲು ಹಸಿವು, ಒದ್ದೆ ಬಟ್ಟೆ, ಸೆಕೆ, ಚಳಿ ನೋಡಿ. ಕುಂಚಿಗೆ, ಸ್ವೆಟರ್, ಕೌದಿ ಎಲ್ಲವನ್ನೂ ಒಟ್ಟಿಗೆ ಹೊದಿಸಿದರೆ ಬೇಸಿಗೆಯಲ್ಲಿ ಕೂಸು ಬೆಂದುಹೋಗುತ್ತದೆ. ಬಟ್ಟೆ ಬಿಚ್ಚಿ ಕೈಕಾಲು ಬೆರಳುಗಳನ್ನೂ ನೋಡಿ. ಕೂದಲು ಅಥವಾ ದಾರ ಬೆರಳಿಗೆ ಬಿಗಿದು ಸುತ್ತಿಕೊಂಡಿದ್ದರೂ ಕೂಸು ಹೀಗೆಯೇ ಅಳುತ್ತದೆ.

ಎತ್ತಿಕೊಂಡು ನಡೆಯಿರಿ. "ಎತ್ತಿದ್ರ ರೂಢಿ ಆಕ್ಕೈತಿ" ಎಂದು ಹೆದರಬೇಡಿ. ಮೂರು ತಿಂಗಳೊಳಗಿನ ಕೂಸು ಮುದ್ದಿನಿಂದ ಕೆಡುವುದಿಲ್ಲ. ಜಪಾನಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ, 21 ಕೂಸುಗಳ ಸಣ್ಣ ಅಧ್ಯಯನವೊಂದು ಸುಲಭ ಉಪಾಯ ಹೇಳಿದೆ. ಅಳುವ ಕೂಸನ್ನು ಎದೆಗಪ್ಪಿ ಐದು ನಿಮಿಷ ಒಂದೇ ಸಮನೆ ನಡೆಯಿರಿ. ಮಲಗಿದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತಿರಿ. ಆಮೇಲೆ ಮಲಗಿಸಿ. ಹೆಗಲ ಮೇಲೆ ಹಾಕಿಕೊಂಡು ಅಂಗಳದಲ್ಲಿ ತಿರುಗಾಡುವ ನಮ್ಮ ಅಜ್ಜಂದಿರಿಗೆ ಇದರ ಅರ್ಧ ಮೊದಲೇ ಗೊತ್ತಿತ್ತು.

ಜೋಗುಳ, ತೊಟ್ಟಿಲ ಮೆಲ್ಲನೆಯ ತೂಗು, ಫ್ಯಾನಿನ ಸದ್ದಿನಂಥ ಒಂದೇ ಸಮನೆಯ ಸದ್ದು ಕೆಲವು ಕೂಸುಗಳಿಗೆ ಹಿಡಿಸುತ್ತದೆ. 1990ರ ಪುಟ್ಟ ಪ್ರಯೋಗವೊಂದರಲ್ಲಿ ಅಂಥ ಸದ್ದು ಕೇಳಿದ 20 ನವಜಾತ ಕೂಸುಗಳಲ್ಲಿ 16 ಐದು ನಿಮಿಷದೊಳಗೆ ಮಲಗಿದವು. ಸದ್ದು ಕೇಳದ 20ರಲ್ಲಿ 5 ಮಾತ್ರ ಮಲಗಿದವು. ಫೋನಿನಲ್ಲಿ ಹಾಕುವುದಾದರೆ ಸದ್ದು ಸಣ್ಣದಿರಲಿ, ಫೋನು ತೊಟ್ಟಿಲಿನಿಂದ ದೂರವಿರಲಿ, ಕೂಸು ಮಲಗಿದ ಮೇಲೆ ನಿಲ್ಲಿಸಿ.

ಹಾಲು ಕುಡಿದ ಮೇಲೆ ತೇಗಿಸುವುದು? ಇದನ್ನೂ ಪರೀಕ್ಷಿಸಿದ್ದಾರೆ. ಚಂಡೀಗಢದಲ್ಲಿ 71 ತಾಯಿ-ಕೂಸುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೇಗಿಸಿದ್ದರಿಂದ ಕೋಲಿಕ್ ಕಡಿಮೆಯಾಗಲಿಲ್ಲ. ಹಾಲು ಕಕ್ಕುವುದು ಸ್ವಲ್ಪ ಹೆಚ್ಚಾಯಿತು. ಹೆಗಲಿಗೆ ಹಾಕಿಕೊಂಡು ಬೆನ್ನು ಸವರಿದರೆ ತಪ್ಪಿಲ್ಲ. ಆದರೆ ತೇಗು ಬರಲಿಲ್ಲವೆಂದು ಅರ್ಧ ಗಂಟೆ ತಟ್ಟುತ್ತ ಕೂರಬೇಕಿಲ್ಲ. ಕೂಸಿನ ಬಾಯಿ ಮೊಲೆತೊಟ್ಟನ್ನಷ್ಟೇ ಅಲ್ಲದೆ ಸುತ್ತಲಿನ ಕಪ್ಪು ಭಾಗವನ್ನೂ ಹಿಡಿದಿದ್ದರೆ ಗಾಳಿ ನುಂಗುವುದು ಕಡಿಮೆಯಾಗುತ್ತದೆ. ಅದನ್ನು ಆಶಾ ಕಾರ್ಯಕರ್ತೆಯಿಂದ ತೋರಿಸಿಕೊಳ್ಳಿ.

ಎಚ್ಚರವಿದ್ದಾಗ ಕೂಸನ್ನು ನಿಮ್ಮ ತೋಳಿನ ಮೇಲೆ ಬೋರಲು ಹಿಡಿಯಬಹುದು, ಕಾಲುಗಳನ್ನು ಸೈಕಲ್ ತುಳಿಸುವಂತೆ ಆಡಿಸಬಹುದು. ಮಲಗಿಸುವಾಗ ಮಾತ್ರ ಯಾವಾಗಲೂ ಬೆನ್ನ ಮೇಲೆಯೇ ಮಲಗಿಸಿ.

ಯಾವಾಗ ಆಸ್ಪತ್ರೆಗೆ ಓಡಬೇಕು?

ಎರಡು ತಿಂಗಳೊಳಗಿನ ಕೂಸಿನಲ್ಲಿ ಈ ಕೆಳಗಿನ ಯಾವುದೇ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ.

ಕಂಕುಳಲ್ಲಿ ಅಳೆದಾಗ ಮೈ 37.5 ಡಿಗ್ರಿ ಸೆಲ್ಸಿಯಸ್ (99.5 ಫ್ಯಾರನ್‌ಹೀಟ್) ಅಥವಾ ಹೆಚ್ಚು ಬಿಸಿ, ಇಲ್ಲವೇ ಮೈ ತಣ್ಣಗಾಗಿರುವುದು.
ಹಾಲು ಕುಡಿಯುವುದನ್ನು ಬಿಡುವುದು, ಅಥವಾ ಎಬ್ಬಿಸಿದರೂ ಏಳದೆ ಮಂಕಾಗಿರುವುದು.
ಹಸಿರು ಬಣ್ಣದ ವಾಂತಿ, ಅಥವಾ ಪ್ರತಿ ಸಲವೂ ಚಿಮ್ಮುವ ವಾಂತಿ.
ಮಲದಲ್ಲಿ ರಕ್ತ. ಕೂಸು ಶಾಂತವಾಗಿದ್ದಾಗಲೂ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ಉಬ್ಬಿರುವುದು.
ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಉಸಿರೆಳೆದಾಗ ಎದೆಗೂಡು ಒಳಸರಿಯುವುದು, ತುಟಿ ನೀಲಿಯಾಗುವುದು, ಫಿಟ್ಸ್.
ತೊಡೆಸಂದಿಯಲ್ಲಿ ಗಟ್ಟಿಯಾದ ಬಾವು. ನೆತ್ತಿಯ ಮೆತ್ತನೆಯ ಭಾಗ ಉಬ್ಬಿರುವುದು.
ಎಂದಿನ ಅಳುವಿಗಿಂತ ಬೇರೆಯಾದ, ಕ್ಷೀಣವಾದ ಅಥವಾ ಕೀರಲು ಅಳು.

ರಾಮದುರ್ಗದ ಹಳ್ಳಿಯಿಂದ ಬೆಳಗಾವಿಯ ಜಿಲ್ಲಾಸ್ಪತ್ರೆಗೆ ಸುಮಾರು ನೂರು ಕಿಲೋಮೀಟರ್ ದಾರಿ. ಅದಕ್ಕೇ ಮೊದಲ ನಿಲ್ದಾಣ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಾಗಲಿ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. 104 ಆರೋಗ್ಯವಾಣಿಯಲ್ಲಿ ಸಲಹೆ ಸಿಗುತ್ತದೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದೊಳಗಿನ ಕಾಯಿಲೆ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ, ಸಾಗಣೆ ಉಚಿತ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ತವರಿಗೆ ಬಂದಿರುವ ಬಾಣಂತಿಯ ಹೆಸರು ಅಲ್ಲಿನ ಆಶಾ ಪಟ್ಟಿಯಲ್ಲಿ ಇರದೆ ಹೋಗಬಹುದು, ನೀವೇ ಹೋಗಿ ತಿಳಿಸಿ. ಆರನೇ ವಾರ ಅಳು ತುದಿ ಮುಟ್ಟುವ ಹೊತ್ತು. 42ನೇ ದಿನದ ಭೇಟಿಯೂ ಆಗಲೇ ಬರುತ್ತದೆ. ಅಂದು ಕೂಸನ್ನು ತೂಗಿಸಿ. ತೂಕ ಏರುತ್ತಿದ್ದು, ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ.

ಅಳುವುದು ಕೂಸು, ಸೋಲುವುದು ತಾಯಿ

ಕೋಲಿಕ್‌ನಿಂದ ಕೂಸಿಗೆ ಶಾಶ್ವತ ಹಾನಿ ಆಗುವುದಿಲ್ಲ. ಅಪಾಯ ಬರುವುದು ಸುತ್ತಲಿನವರ ಸಹನೆ ಮುಗಿದಾಗ. ಸಿಟ್ಟಿನಲ್ಲಿ ಕೂಸನ್ನು ಹಿಡಿದು ಜೋರಾಗಿ ಅಲುಗಾಡಿಸಿದರೆ ಕೆಲವೇ ಸೆಕೆಂಡಿನಲ್ಲಿ ಮೆದುಳಿನಲ್ಲಿ ರಕ್ತಸ್ರಾವವಾಗಿ ಕುರುಡುತನ, ಬುದ್ಧಿಮಾಂದ್ಯ, ಸಾವು ಬರಬಹುದು. ಇನ್ನು ಆಗುವುದಿಲ್ಲ ಅನ್ನಿಸಿದಾಗ ಕೂಸನ್ನು ತೊಟ್ಟಿಲಿನಲ್ಲಿ ಬೆನ್ನ ಮೇಲೆ ಮಲಗಿಸಿ ಹತ್ತು ನಿಮಿಷ ಹೊರಗೆ ಬನ್ನಿ. ಅತ್ತ ಮಾತ್ರಕ್ಕೆ ಕೂಸಿಗೆ ಏನೂ ಆಗುವುದಿಲ್ಲ.

ಮನೆಯವರು ಮಾಡಬಹುದಾದ ದೊಡ್ಡ ಉಪಕಾರ ಇಲ್ಲಿದೆ. ಸಂಜೆ ಏಳರಿಂದ ಒಂಬತ್ತರವರೆಗೆ ಕೂಸನ್ನು ಅಪ್ಪ, ಅಜ್ಜ, ಆಯಿ ಸರದಿಯ ಮೇಲೆ ಎತ್ತಿಕೊಳ್ಳಲಿ. "ನಿನ್ನ ಹಾಲ ಕೂಸಿಗಿ ಹಿಡಸವಲ್ದು" ಎಂಬ ಮಾತು ಯಾರ ಬಾಯಲ್ಲೂ ಬಾರದಿರಲಿ. ಆ ಒಂದು ಮಾತಿಗೆ ಎಷ್ಟೋ ತಾಯಂದಿರು ಎದೆಹಾಲು ನಿಲ್ಲಿಸಿ ಡಬ್ಬಿ ಹಾಲಿಗೆ ಹೋಗುತ್ತಾರೆ. ಹೆರಿಗೆಯಾಗಿ ಎರಡು ವಾರ ದಾಟಿದ ಮೇಲೂ ತಾಯಿ ಸದಾ ಅಳುತ್ತಿದ್ದರೆ, ಕೂಸು ಮಲಗಿದರೂ ಅವಳಿಗೆ ನಿದ್ದೆ ಬಾರದಿದ್ದರೆ, ಬದುಕು ಬೇಡವೆಂಬ ಮಾತಾಡಿದರೆ ಅದನ್ನು ನಾಟಕ ಎನ್ನಬೇಡಿ. ಅದು ಚಿಕಿತ್ಸೆ ಇರುವ ಕಾಯಿಲೆ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಫಾರ್ವರ್ಡ್ ಮಾಡುವ ಮುನ್ನ

ಕೂಸಿನ ಹೊಟ್ಟೆನೋವಿನ ಬಗ್ಗೆ ಬಂದ ಸಂದೇಶಕ್ಕೆ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ತಿಂಗಳ ಕೂಸಿಗೆ ಎಂದು ಬರೆದಿದೆಯೇ? ಬಾಯಿಗೆ ಏನನ್ನಾದರೂ ಹಾಕಲು ಹೇಳುತ್ತಿದೆಯೇ? ಯಾವಾಗ ವೈದ್ಯರ ಬಳಿ ಹೋಗಬೇಕು ಎಂಬುದು ಇದೆಯೇ? ಮದ್ದು ಕೊಡದಿದ್ದರೂ ಕೂಸು ಸುಮ್ಮನಾಗುತ್ತಿತ್ತೇ? ಈ ನಾಲ್ಕಕ್ಕೂ ಸರಿಯಾದ ಉತ್ತರ ಇಲ್ಲದಿದ್ದರೆ ಆ ಸಂದೇಶ ನಿಮ್ಮ ಫೋನಿನಲ್ಲೇ ಕೊನೆಯಾಗಲಿ.

ಕಳಿಸಲೇಬೇಕೆಂದಿದ್ದರೆ ಮೇಲಿನ ಅಪಾಯದ ಲಕ್ಷಣಗಳ ಪಟ್ಟಿ ಕಳಿಸಿ. ಐದು ವಾರದ ಕೂಸಿರುವ ಮನೆಗೆ ಫೋನ್ ಮಾಡಿ, "ಇನ್ನೊಂದ ಆರೇಳ ವಾರ, ತಾನ ಕಡಿಮಿ ಆಕ್ಕೈತಿ. ಸಂಜಿಮುಂದ ನಾ ಬರ್ತೇನಿ, ನೀ ಒಂದ ತಾಸ ಮಲಕ್ಕೊ" ಎಂದು ಹೇಳಿ. ಅದು ಬಾಣಂತಿಗೆ ಯಾವ ಹನಿಗಿಂತಲೂ ಹೆಚ್ಚು ಉಪಯೋಗಕ್ಕೆ ಬರುತ್ತದೆ.